ಅರ್ಜುನಪ್ಪನ ಐದು ಲಗತ್ತು

ಬೆಳಗಿನ ಚಹಾ ಇನ್ನೂ ತುಟಿಗೆ ಮುಟ್ಟಿರಲಿಲ್ಲ, ಮೇಜಿನ ಮೇಲಿದ್ದ ಫೋನು ಟಿಣ್ ಎಂದಿತು. ಅರ್ಜುನಪ್ಪ ಕನ್ನಡಕ ಏರಿಸಿ ನೋಡಿದ. ಹಡಗಿನ ಕಂಪನಿಯವರು ಒಂದು ಫಾರ್ಮು ಕಳಿಸಿದ್ದರು. ಧಾರವಾಡದ ಶಿಕ್ಷಣ ಇಲಾಖೆಯ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಫಾರ್ಮು ಹೊಸದಲ್ಲ. ಆದರೆ ಇದನ್ನು ಓದುತ್ತ ಹೋದಂತೆ ಅವನು ಕಪ್ಪು-ಬಸಿ ಮೇಜಿನ ಮೇಲಿಟ್ಟು ಚಹಾವನ್ನೇ ಮರೆತ.

ಮಗಳು ನೀಲಾ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಅಪ್ಪ-ಅವ್ವನ ಮದುವೆಯಾಗಿ ಮೂವತ್ತು ವರ್ಷ ತುಂಬಿದ್ದಕ್ಕೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ದೊಡ್ಡ ಹಡಗಿನಲ್ಲಿ ಟಿಕೀಟು ತೆಗೆಸಿದ್ದಳು. ಅಲ್ಲಿ ಒಂದು ದಿನ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಮೀನು, ಹವಳ ನೋಡುವ ಏರ್ಪಾಡೂ ಇತ್ತು. ಫಾರ್ಮಿನಲ್ಲಿ ಟಿಕೀಟಿನ ನಂಬರೊಂದನ್ನು ಬಿಟ್ಟರೆ ಐದು ಸಾಮಾನುಗಳ ಹೆಸರುಗಳಷ್ಟೇ ಇದ್ದವು: ಮುಖಕ್ಕೆ ಗಾಜಿನ ಮಾಸ್ಕು, ಕಾಲಿಗೆ ರಬ್ಬರಿನ ರೆಕ್ಕೆ, ಮೈಗೆ ಬಿಗಿ ಸೂಟು, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ರೆಗ್ಯುಲೇಟರು, ಸಿಲಿಂಡರು ಹೊರುವ ಗಾಳಿ ಜಾಕೀಟು. ಒಂದೊಂದರ ಮುಂದೆಯೂ ಎರಡು ಚೌಕ. 'ನಾವೇ ತರುತ್ತೇವೆ' ಎಂದು ಒಂದು, 'ನೀವು ಕೊಡಿ' ಎಂದು ಇನ್ನೊಂದು. ಮಧ್ಯಾಹ್ನದೊಳಗೆ ತುಂಬಿ ಕಳಿಸಬೇಕು. ಸಂಜೆ ಐದಕ್ಕೆ ಮುಂಬೈ ಬಸ್ಸು.

ಅರ್ಜುನಪ್ಪನಿಗೆ ನೀರೆಂದರೆ ಅಂಜಿಕೆ. ಪುರಾಣದಲ್ಲಿ ಸರೋವರದ ತಳದಲ್ಲಿ ಅಡಗಿ ಕುಳಿತ ಅರಸನ ಕತೆ ಬಂದಾಗ, ಉಳಿದವರು ಅರಸನ ಗತಿಗೆ ಮರುಗಿದರೆ ಇವನು ಅವನ ಉಸಿರಿಗೆ ಮರುಗಿದವನು. ಆ ಅರಸನಿಗಾದರೂ ಜಲಸ್ತಂಭನದ ಮಂತ್ರ ಗೊತ್ತಿತ್ತು. ಆದರೆ ತಿಂಗಳ ಹಿಂದೆ ಸುಜಾತಾ, "ನೀರಿನ ತಳಾ ನೋಡಬೇಕಂತ ನನಗ ಸಣ್ಣಾಕಿದ್ದಾಗಿಂದ ಆಸೆ ಐತ್ರಿ" ಎಂದಾಗ, ಇವನು ಓಣಿಯ ನಾಲ್ಕು ಮಂದಿಯೆದುರು "ಅದರಾಗೇನೈತಿ, ಇಳದ ಬಿಡೂಣು" ಎಂದುಬಿಟ್ಟಿದ್ದ. ಆ ಮಾತು ಓಣಿಯ ತುಂಬ ತಿರುಗಿ, ಅವನಿಗಿಂತ ಮೊದಲೇ ಸಮುದ್ರ ಸೇರಿತ್ತು. ಈಗ ಒಲ್ಲೆನೆಂದರೆ ಮಾನ ಹೋಗುತ್ತದೆ. ಹೂಂ ಎಂದರೆ ಪ್ರಾಣ.

ಫಾರ್ಮನ್ನು ಮೂರನೆಯ ಸಲ ಓದುವಾಗ ಅವನ ಗುಮಾಸ್ತನ ಬುದ್ಧಿ ಎಚ್ಚೆತ್ತಿತು. ಒಲ್ಲೆ ಎನ್ನದೆ ಒಂದು ಕೆಲಸವನ್ನು ನಿಲ್ಲಿಸುವ ವಿದ್ಯೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. 'ಲಗತ್ತುಗಳು ಪೂರ್ಣವಿಲ್ಲ, ಮರಳಿಸಿದೆ' ಎಂದು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರೆ ಎಂಥ ಫೈಲೂ ಬಂದ ದಾರಿ ಹಿಡಿಯುತ್ತದೆ. ಯಾರ ಮೇಲೂ ತಪ್ಪಿಲ್ಲ, ಯಾರಿಗೂ ಸಿಟ್ಟಿಲ್ಲ. ಐದೂ ಸಾಮಾನಿನ ಮುಂದೆ 'ನಾವೇ ತರುತ್ತೇವೆ' ಎಂದು ಒತ್ತಿಬಿಟ್ಟರೆ? ಧಾರವಾಡದಲ್ಲಿ ಇವು ಸಿಗುವುದುಂಟೆ? ಹಡಗಿನಲ್ಲಿ ಕೈ ತಿರುವಿ, ಎಲ್ಲೂ ಸಿಗಲಿಲ್ಲ ನೋಡ್ರಿ, ಎಂದರಾಯಿತು.

ಒತ್ತಿದ. ಕಳಿಸಿದ. ಆರಿದ ಚಹಾ ಅಮೃತದಂತೆ ಇಳಿಯಿತು.

ಅಲ್ಲಿಗೇ ಸುಮ್ಮನಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ವಿಷಾದದ ದನಿಯಲ್ಲಿ ಹೇಳಿದ: "ಸುಜಾತಾ, ಮುಳುಗೂ ಸಾಮಾನು ನಾವ ಒಯ್ಯಬೇಕಂತ. ಈಗ ಎಲ್ಲಿಂದ ತರೂದು? ನಸೀಬ ಇಲ್ಲ ಬಿಡು."

ರೊಟ್ಟಿ ತಟ್ಟುತ್ತಿದ್ದ ಸುಜಾತಾಳ ಕೈ ನಿಂತಿತು. ಮುಖ ಎಷ್ಟು ಸಣ್ಣದಾಯಿತೆಂದರೆ ಅರ್ಜುನಪ್ಪನಿಗೇ ಅತ್ತ ನೋಡಲಾಗಲಿಲ್ಲ. ಆದರೆ ಅದು ಒಂದೇ ಕ್ಷಣ. ಅವಳು ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಹೋಗಿ, ಗೋಡೆಯ ಮೇಲಿಂದ ಕೂಗಿದಳು.

"ಉಡಚವ್ವತ್ತೀ! ಗುಲಾಬಸಾಬಣ್ಣಾರ! ಸ್ವಲ್ಪ ಬರ್ರಿ ಇಲ್ಲೆ!"

ಮೊದಲು ಬಂದವಳು ಎಡಮನೆಯ ಉಡಚವ್ವ. ಎಪ್ಪತ್ತೆರಡರ ಮುದುಕಿ, ನಡಿಗೆ ಇಪ್ಪತ್ತೆರಡರದು. ಕೈಯಲ್ಲಿ ಹಗ್ಗ ಬಿಗಿದ ಎರಡು ಒಣ ಸೋರೆಬುರುಡೆ.

"ತೊಗೊ ತಮ್ಮಾ. ನಮ್ಮ ಹಿರ್ಯಾರ ಕಾಲದಾಗ ಹುಡುಗರೆಲ್ಲಾ ಬಾವ್ಯಾಗ ಇವನ್ನ ಕಟಗೊಂಡ ಈಸು ಕಲ್ತಾರ. ಬೆನ್ನಿಗೆ ಬಿಗದ್ರ ಏನಂದ್ರೂ ಮುಳುಗೂದಿಲ್ಲ."

"ಯವ್ವಾ, ನಾವು ಹೊಂಟಿದ್ದ ಮುಳುಗಾಕ."

ಉಡಚವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮುಳುಗಾಕ ಅಂತನ ಹೊಂಟೀರಿ? ಅದಕ್ಕ ಮುಂಬೈತನಾ ಯಾಕ ಹೋಗಬೇಕೋ ಎಪ್ಪಾ, ಕೆಲಗೇರಿ ಕೆರಿ ಇಲ್ಲೇ ಐತೆಲ್ಲ?"

ಅಷ್ಟರಲ್ಲಿ ಬಲಮನೆಯ ಗುಲಾಬಸಾಬ ಬಂದ. ಪಂಪಿನ ಮೋಟಾರು ರಿಪೇರಿ ಅವನ ಕಸುಬು. ಬಾವಿಯಲ್ಲಿ ಬಿದ್ದ ಮೋಟಾರಿಗಾಗಿ ಸ್ವತಃ ಮುಳುಗಿ ಬರುವವನಾದ್ದರಿಂದ ನೀರಿನ ವಿಷಯದಲ್ಲಿ ಅವನ ಮಾತು ಓಣಿಗೆ ಕಡೆಯ ಮಾತು. ಅವನ ಹೆಗಲ ಮೇಲಿನ ಚೀಲದಲ್ಲಿ ಕಬ್ಬಿಣದ ತೂಕದ ಕಲ್ಲುಗಳು.

"ಬುರಡಿ ತಗೀರಿ ಆ ಕಡೆ! ಮುಳುಗಾವ್ರಿಗೆ ಬೇಕಾದ್ದು ಭಾರ. ಸೊಂಟಕ್ಕ ಐದೈದು ಕಿಲೋ ಕಟಗೊಳ್ರಿ ಸಾಹೇಬ್ರ, ಬಾಣ ಬಿಟ್ಟಂಗ ಕೆಳಗ ಹೋಗತೀರಿ."

"ಕೆಳಗ ಹೋದ ಮ್ಯಾಲೆ, ಗುಲಾಬಸಾಬ, ಮ್ಯಾಲೆ ಬರೂದು ಹ್ಯಾಂಗ?"

"ಅದಕ್ಕ ಬುರಡಿ ಐತೆಲ್ಲೋ!" ಉಡಚವ್ವ ಗೆದ್ದವಳಂತೆ ನುಡಿದಳು.

ಒಬ್ಬರು ಮುಳುಗದಿರಲೆಂದು ತಂದದ್ದು, ಇನ್ನೊಬ್ಬರು ತೇಲದಿರಲೆಂದು ತಂದದ್ದು, ಎರಡೂ ಅರ್ಜುನಪ್ಪನ ತೊಡೆಯ ಮೇಲೆ ಬಂದು ಕುಳಿತವು. ಒಯ್ಯುವುದೋ ಬಿಡುವುದೋ, ಎರಡರಲ್ಲಿ ಯಾವುದೋ, ಅವನಿಗೆ ತಿಳಿಯದಾಯಿತು. ಒಳಗೊಳಗೇ ಮಾತ್ರ ಸಮಾಧಾನವಿತ್ತು. ಪಟ್ಟಿಯ ಐದರಲ್ಲಿ ಒಂದೂ ಬಂದಿಲ್ಲ.

"ಇವು ಯಾವೂ ಲಿಸ್ಟಿನಾಗ ಇಲ್ಲ" ಎಂದು ಫೋನು ತೋರಿಸಿದ.

ಅದೇ ಅವನು ಮಾಡಿದ ದೊಡ್ಡ ತಪ್ಪು. ಗುಲಾಬಸಾಬ ಪಟ್ಟಿಯನ್ನು ಕಣ್ಣು ಕಿರಿದಾಗಿಸಿ ನೋಡಿದ, ತೊಡೆ ತಟ್ಟಿಕೊಂಡ.

"ಅರೇ, ಇವೆಲ್ಲಾ ನಮ್ಮ ಹಜರತಅಲಿ ಹಂತ್ಯಾಕ ಅದಾವಲ್ರಿ! ಇಲ್ಲೇ ಗಬ್ಬೂರಾಗ ವೆಲ್ಡಿಂಗ್ ಅಂಗಡಿ ಇಟ್ಟಾನಲ್ಲ, ನನ್ನ ಷಡ್ಡಕ. ಹಿಂದ ಹತ್ತ ವರ್ಷ ಬಂದರದಾಗ ಹಡಗದ ತಳಾ ತಿಕ್ಕೂ ಕೆಲಸಾ ಮಾಡ್ಯಾನ. ತಡೀರಿ, ಈಗ ಫೋನ್ ಹಚ್ಚತೇನಿ."

"ಬ್ಯಾಡ್ರಿ, ಪಾಪ, ಅವರಿಗ್ಯಾಕ ತ್ರಾಸು..."

"ತ್ರಾಸೇನ ಬಂತು? ನೀವು ನಮ್ಮ ಓಣಿ ಮರ್ಯಾದಿ ಹೊತಗೊಂಡು ಸಮುದ್ರಕ್ಕ ಹೊಂಟೀರಿ!"

ಒಂದೂವರೆ ತಾಸಿನಲ್ಲಿ ಹಜರತಅಲಿ ಬೈಕಿನ ಮೇಲೆ ಬಂದಿಳಿದ. ಕುಳ್ಳ, ತೆಳ್ಳನೆಯ ಆಳು. ಮಾತು ಕಡಿಮೆ. ಪಡಸಾಲೆಯಲ್ಲಿ ಚಾಪೆ ಹಾಸಿ ಒಂದೊಂದೇ ತೆಗೆದಿಟ್ಟ. ಮಾಸ್ಕು. ರೆಕ್ಕೆ. ಸೂಟು. ರೆಗ್ಯುಲೇಟರು. ಐದನೆಯದಾಗಿ ಜಾಕೀಟು, ಷಟ್ಪದಿಯ ಕಡೆಯ ಸಾಲಿನಂತೆ ಉದ್ದವಾಗಿ ಬಂದು ಬಿತ್ತು. ಉಡಚವ್ವ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿದಳು.

"ಈಗೂ ಕರದಲ್ಲಿ ಇಳೀತೇನಿ, ಎಲ್ಲಾ ಈ ವಾರನ ಪರೀಕ್ಷಾ ಮಾಡಿಟ್ಟದ್ದು" ಎಂದ ಹಜರತಅಲಿ. "ಒಂದ ಮಾತು ನೆಪ್ಪಿಡ್ರಿ. ಐದರಾಗ ಒಂದು ಇಲ್ಲಂದ್ರೂ ನೀರಿಗೆ ಇಳಿಸೂದಿಲ್ಲ."

ಆ ಒಂದು ಮಾತು ಅರ್ಜುನಪ್ಪನ ಕಿವಿಗೆ ವರದಂತೆ ಕೇಳಿತು.

"ನನ್ನ ಕಡೆ ಕೊಡ್ರಿ ಇಲ್ಲೆ, ನೋಡೂಣು" ಎಂದು ಸುಜಾತಾ ಮಾಸ್ಕು ಎತ್ತಿ ಮುಖಕ್ಕೆ ಹಿಡಿದಳು. ಗಾಜಿನ ಹಿಂದೆ ಅವಳ ಕಣ್ಣು ಹಣತೆಯಂತೆ ಬೆಳಗಿದವು. ಇನ್ನೇನೋ ಹೇಳಲು ಬಾಯಿ ತೆರೆದಳು. ಆದರೆ ಗುಲಾಬಸಾಬ ಅಷ್ಟರಲ್ಲಿ, "ಒಂದ ಸೆಟ್ಟಿನಾಗ ಪಾಳಿ ಹಚ್ಚಿ ಇಳೀರಿ, ಮೊದಲ ಸಾಹೇಬ್ರು! ಸೂಟು ಹಾಕ್ಕೊಂಡ ನೋಡ್ರಿ" ಎಂದು ಅರ್ಜುನಪ್ಪನನ್ನು ಒಳಕೋಣೆಗೆ ಎಳೆದೊಯ್ದಾಗಿತ್ತು.

"ಅವರಿಗ್ಯಾಕ್ರಿ ಅದು..." ಎಂದ ಸುಜಾತಾಳ ದನಿ ಬಾಗಿಲ ಹೊರಗೇ ಉಳಿಯಿತು.

ಸೂಟು ಹಜರತಅಲಿಯ ಅಳತೆಯದು. ಅರ್ಜುನಪ್ಪ ಅವನ ಒಂದೂವರೆಯಷ್ಟು. ಮೊಣಕಾಲಿಗೆ ಬಂದು ನಿಂತಾಗ ಅರ್ಜುನಪ್ಪನಿಗೆ ಎಲ್ಲಿಲ್ಲದ ಸಂತೋಷ. "ಅಳತಿ ಕೂಡಲಿಲ್ಲ! ಏನ ಮಾಡಾಕ ಬರತೈತಿ, ಬಿಡ್ರಿ."

"ಬಿಡಾಕೇನಾಗೇತಿ?" ಗುಲಾಬಸಾಬ ಪೌಡರಿನ ಡಬ್ಬಿ ಇಡಿಯಾಗಿ ಸುರಿದ. ಇಬ್ಬರೂ ಸೇರಿ ಗೋಣಿಚೀಲಕ್ಕೆ ಹತ್ತಿ ತುಂಬುವಂತೆ ಅವನನ್ನು ತುಂಬಿದರು. ಹೊರಗೆ ಕರೆತಂದು ನಿಲ್ಲಿಸಿದಾಗ ಅರ್ಜುನಪ್ಪ ಬೇಯಿಸಿದ ಬದನೆಕಾಯಿಯಂತೆ ಕಪ್ಪಗೆ ಹೊಳೆಯುತ್ತಿದ್ದ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿಯಿರಲಿಲ್ಲ.

"ಛಲೋ ಕಾಣತಾನ" ಎಂದಳು ಉಡಚವ್ವ. "ಖರೇ ಅಂದ್ರ, ಸ್ವಲ್ಪ ಎಮ್ಮಿಗತೆ ಕಾಣತಾನ."

ಮೂರು ಗಂಟೆಗೆ ಗಂಟುಮೂಟೆ ಕಟ್ಟುವ ಕೆಲಸ. ಸಾಮಾನಿನ ಚೀಲ ತುಂಬಿ ಬಾಯಿ ಬಿಟ್ಟಿತ್ತು. ಜಾಗಕ್ಕಾಗಿ ಒಬ್ಬರು ಬಟ್ಟೆ ತೆಗೆದರೆ ಇನ್ನೊಬ್ಬರು ರೊಟ್ಟಿಯ ಬುತ್ತಿ ತುರುಕಿದರು. ಗುಲಾಬಸಾಬ ಸಂದಿಯಲ್ಲಿ ಒಂದು ತೂಕದ ಕಲ್ಲನ್ನೂ ಇಟ್ಟ. ಇರಲಿ, ಹೊರದೇಶಕ್ಕ ಹೊಂಟಂಗ ಐತಿ, ಎಂದು ಉಡಚವ್ವ ಒಂದು ಬುರುಡೆಯನ್ನೂ. ಎಲ್ಲರೂ ಚಹಾಕ್ಕೆಂದು ಹೊರಗಿನ ಕಟ್ಟೆಗೆ ಹೋದರು. ಕೋಣೆಯಲ್ಲಿ ಅರ್ಜುನಪ್ಪ ಒಬ್ಬನೇ.

ಚೀಲದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಐದರಲ್ಲಿ ಒಂದು. ಯಾವುದು? ಮಾಸ್ಕು ತೆಗೆಯಲು ಕೈ ಚಾಚಿದ, ಗಾಜಿನ ಹಿಂದಿನ ಆ ಕಣ್ಣು ನೆನಪಾಗಿ ಕೈ ಹಿಂದೆ ಬಂತು. ರೆಗ್ಯುಲೇಟರು ತೆಗೆದರೆ, ಪ್ರಾಣದ ಸಾಮಾನು, ಪಾಪ ತಗುಲೀತು. ಕಡೆಗೆ ಜಾಕೀಟನ್ನು ಎಳೆದು, ಗಾದಿಗಳ ರಾಶಿಯ ನಡುವೆ ತೂರಿಸಿ, ಅದರ ಜಾಗದಲ್ಲಿ ಒಂದು ಹಳೆಯ ಕೌದಿ ಮಡಚಿಟ್ಟು ಜಿಪ್ಪು ಎಳೆದ. ದೇವರ ಗೂಡಿನ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡ. ಲಗತ್ತುಗಳು ಪೂರ್ಣವಿಲ್ಲ, ಮರಳಿಸಿದೆ.

ಓಣಿಯವರೆಲ್ಲ ಬಸ್ಸಿನವರೆಗೆ ಬಂದು ಕಳಿಸಿದರು. ಬಸ್ಸು ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶ ದಾಟುವ ಹೊತ್ತಿಗೆ ಅರ್ಜುನಪ್ಪ ಕಿಟಕಿಯ ಗಾಳಿಗೆ ಮುಖವೊಡ್ಡಿ, ಎಳವೆಯಲ್ಲಿ ಕೇಳಿದ ಯಾವುದೋ ಪದ್ಯ ಗುನುಗುತ್ತಿದ್ದ. ಆಗ ಪಕ್ಕದಲ್ಲಿದ್ದ ಸುಜಾತಾಳ ಫೋನು ರಿಂಗಾಯಿತು. ನೀಲಾ. ಬಸ್ಸಿನ ಸದ್ದಿಗೆ ಕೇಳಿಸದೆಂದು ಅವಳು ದನಿ ದೊಡ್ಡದು ಮಾಡಿ ಇಬ್ಬರ ನಡುವೆ ಹಿಡಿದಳು.

"ಅಪ್ಪಾ, ಕಂಪನಿಯವರು ಫೋನ್ ಮಾಡಿದ್ರು, ಆ ಫಾರ್ಮ್ ನೀವ ತುಂಬಿದ್ರೇನು? ಅದು ಅವ್ವಂದು!"

"ಅವ್ವಂದು ಅಂದ್ರ? ಇಬ್ಬರದೂ ಅಲ್ಲೇನು?"

"ಒಬ್ಬರಿಗೆ ಅಷ್ಟ ಜಾಗಾ ಸಿಕ್ಕಿತ್ತು, ಅದು ಅವ್ವಗ. ನಿಮ್ಮ ಹೆಸರು ನಾ ಕೊಟ್ಟೇ ಇಲ್ಲ. ನಿಮಗ ನೀರಂದ್ರ ಅಂಜಿಕಿ ಅಂತ ಅವ್ವ ಮೊದಲ ದಿನಾನ ಹೇಳಿದ್ಲು. ಮಂದಿ ಮುಂದ ನಿಮಗ ಕಡಿಮಿ ಆಗಬಾರದಂತ ಸುಮ್ಮನಿದ್ವಿ. ನೀವು ಹಡಗದ ಮ್ಯಾಲೆ ಆರಾಮ ಕುರ್ಚಿ ಹಾಕ್ಕೊಂಡ ಕೂಡೂದು."

ಅರ್ಜುನಪ್ಪನಿಗೆ ಮೊದಲು ನಗು ಬಂತು. ಆಮೇಲೆ ಬೆವರು ಬಂತು. ಗಾದಿಗಳ ನಡುವೆ ಮಲಗಿದ್ದ ಜಾಕೀಟು ಕಣ್ಮುಂದೆ ಬಂತು. ಸುಜಾತಾ ಅವನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ನೋಡಿದ ಮುಖ.

"ಏನ ಬಿಟ್ಟ ಬಂದೀರಿ?" ಎಂದಳು, ಮೆಲ್ಲಗೆ.

ಅವನು ಹೇಳಿದ. ತೊದಲುತ್ತ, ಎಲ್ಲವನ್ನೂ ಹೇಳಿದ. ಯಾರಿಂದಲಾದರೂ ತರಿಸೋಣವೆಂದರೆ ಮನೆಯ ಕೀಲಿಯೂ ಅವರ ಚೀಲದಲ್ಲೇ ಇತ್ತು. ಅವಳು ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ನೀಲಾ, ತಪ್ಪು ನಂದವ್ವಾ" ಎಂದ ಅರ್ಜುನಪ್ಪ. "ಕಂಪನಿಯವರಿಗೆ ಕೇಳು. ಏನರೆ ಮಾಡಿ ನಿಮ್ಮವ್ವನ್ನ ಇಳಸ್ರಿ ಅಂತ ಹೇಳು. ಕೈ ಮುಗೀತೇನಿ ಅಂತ ಹೇಳು."

ಬಸ್ಸು ಕಿತ್ತೂರಿನ ತಿರುವು ಮುಟ್ಟಿತು. ಮತ್ತೆ ಫೋನು ಬಂತು.

"ಕೇಳಿದ್ನಿ ಅಪ್ಪಾ. ನಾವ ತರತೇವಿ ಅಂದದ್ದಕ್ಕ ಅವ್ವನ ಅಳತಿ ಸೆಟ್ಟು ಬ್ಯಾರೆಯವರಿಗೆ ಕೊಟ್ಟಬಿಟ್ಟಾರ. ಈಗ ಉಳದದ್ದು ಒಂದ ಸೆಟ್ಟು, ಎಲ್ಲಾಕಿಂತ ದೊಡ್ಡದು. ಅವ್ವ ಹಾಕ್ಕೊಂಡ್ರ ಅವ್ವ ಒಂದ ಕಡೆ, ಜಾಕೀಟು ಒಂದ ಕಡೆ ಹೋಗತಾವಂತ."

"ಹಂಗಾರ?"

"ಹಂಗಾರ ಏನು, ದೊಡ್ಡ ಅಳತಿಯವರು ಮನ್ಯಾಗ ಯಾರರೆ ಅದಾರೇನು ಅಂತ ಕೇಳಿದ್ರು. ಜಾಗಾ ಸುಮ್ಮನ ಹಾಳಾಗತಿತ್ತು, ನಿಮ್ಮ ಹೆಸರ ಕೊಟ್ಟೇನಿ. ನಿಮಗ ಹೇಳಿ ಮಾಡಿಸಿದಂಗ ಕೂಡತೈತಂತ. ಮೊದಲನೇ ಪಾಳಿ, ಮುಂಜಾನೆ ಏಳಕ್ಕ."

ಅರ್ಜುನಪ್ಪ ಹೆಂಡತಿಯ ಕಡೆ ನೋಡಿದ, ಅವಳಾದರೂ ಬೇಡವೆನ್ನಲಿ ಎಂದು. ಸುಜಾತಾ ಕಿಟಕಿಯಿಂದ ಈ ಕಡೆ ತಿರುಗಿದಳು. ಕಣ್ಣು ಇನ್ನೂ ಹಸಿಯಿದ್ದವು, ದನಿ ಒಣಗಿತ್ತು.

"ಇಳೀರಿ" ಎಂದಳು. "ತಳದಾಗ ಏನೇನೈತಿ, ಯಾವ ಮೀನಿಗೆ ಯಾವ ಬಣ್ಣ, ಎಲ್ಲಾ ನೋಡಕೊಂಡ ಬಂದು ನನಗ ಕೂಡ್ರಿಸಿ ಹೇಳಬೇಕು. ಒಂದೂ ಬಿಡಂಗಿಲ್ಲ. ಮನಸಿಗೆ ಬರಲಿಲ್ಲಂದ್ರ ಇನ್ನೊಮ್ಮೆ ಕಳಸತೇನಿ."