ನನ್ನ ಉಯಿಲಿಗೆ ಇಬ್ಬರು ಸಾಕ್ಷಿಗಳು

ನನ್ನ ಉಯಿಲು ನನಗೆ ಬಿದ್ದದ್ದು ಮೂರು ಮಸಾಲೆ ದೋಸೆಗೆ. ವಕೀಲರ ಫೀಸು ಕೇಳಿ ಎದ್ದುಬಂದವನು ನಾನು. ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳಿದ್ದರಾಯಿತು ಎಂಬಷ್ಟನ್ನು ಅವರ ಬಾಯಿಂದ ಪುಕ್ಕಟೆಯಾಗಿ ಹೊರಡಿಸಿಕೊಂಡೇ ಎದ್ದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಈರುಳ್ಳಿ ಗುಡ್ಡೆ ಹಾಕಿಕೊಂಡು ಕೂತು, ಅಲ್ಲಿಂದ ಗುಂಡ್ಲುಪೇಟೆಯಲ್ಲಿ ಸ್ವಂತ ಅರಿಶಿನದ ಮಂಡಿ, ಅದರ ಹಿಂದೆ ಮನೆ ಮಾಡಿಕೊಂಡವನು. ಚೌಕಾಸಿ ಮಾಡದೆ ಜ್ವರದ ಮಾತ್ರೆಯನ್ನೂ ನುಂಗಿದವನಲ್ಲ. ಅಂಥವನು ಸಾಯುವುದಕ್ಕೆ ಪೂರ್ತಿ ರೇಟು ಕೊಡುತ್ತೇನೆಯೇ?

ಉಯಿಲು ಬರೆದದ್ದು ಪವಿತ್ರಳಿಗಾಗಿ. ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಅಂಬೆಗಾಲಿಡುತ್ತಿದ್ದ ಕೂಸನ್ನು ನಾನೂ ನನ್ನಾಕೆಯೂ ಎತ್ತಿಕೊಂಡು ಬಂದೆವು. ಮಕ್ಕಳಿಲ್ಲದ ನಮಗೆ ಅವಳೇ ಮಗಳು. ದತ್ತು ಪತ್ರ ಗಿತ್ರ ನಮಗೆ ಹೊಳೆಯಲೇ ಇಲ್ಲ. ಮನೆಯ ಮಗುವಿಗೆ ಯಾರಾದರೂ ರಸೀದಿ ಮಾಡಿಸುತ್ತಾರೆಯೇ? ಈಗ ನನ್ನಾಕೆಯೂ ಇಲ್ಲ. ನಾನು ಏನೂ ಬರೆದಿಡದೆ ಕಣ್ಣು ಮುಚ್ಚಿದರೆ ಮನೆ, ಮಂಡಿ ಎರಡೂ ನಮ್ಮಣ್ಣನ ಪಾಲು. ಪವಿತ್ರಳಿಗೆ ಒಂದು ಹಂಚೂ ಇಲ್ಲ. ಹೋದ ಯುಗಾದಿಗೆ ಬಂದಿದ್ದ ಅಣ್ಣನ ಮಗ ಹೋಳಿಗೆ ತಿನ್ನುತ್ತಲೇ ಗೋಡೆ ತಟ್ಟಿ ನೋಡಿ, "ಚಿಕ್ಕಪ್ಪ, ಈ ಗ್ವಾಡೆ ಒಡುದ್ಬುಟ್ರೆ ಎರಡು ಅಂಗ್ಡಿ ಆಯ್ತದೆ ಕಣಪ್ಪ" ಎಂದ. ನಾನು ಆ ಗೋಡೆಗೇ ಒರಗಿ ಕೂತಿದ್ದೆ.

ನಮ್ಮ ಕಡೆ ಪಾಲಿನ ಪತ್ರವಿರಲಿ, ಜಮೀನಿನ ಕರಾರಿರಲಿ, ಸಾಕ್ಷಿ ಹಾಕುವುದು ಊರ ಹಿರಿಯರು. ತಲೆ ನರೆತಷ್ಟೂ ಸಾಕ್ಷಿಗೆ ತೂಕ. ಹಾಗಾಗಿ ಹರದನಹಳ್ಳಿಯ ಶಿವಮಲ್ಲಪ್ಪನವರನ್ನೂ ಬೇಗೂರಿನ ಮಾದಪ್ಪಣ್ಣನನ್ನೂ ಹುಡುಕಿ ಕರೆತಂದೆ. ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಕೈ ನಡುಕ. ದೋಸೆ ತಿಂದು ಒಬ್ಬರು ರುಜು ಹಾಕಿದರು, ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದರು. ಎಂಥ ಘನವಾದ ಸಾಕ್ಷಿಗಳು ಎಂದು ನಾನು ಬೀಗಿದ್ದೇ ಬೀಗಿದ್ದು. ಎರಡು ವರ್ಷದೊಳಗೆ ಇಬ್ಬರೂ ಹೊರಟುಹೋದರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸಾಗಿರುವ ಪವಿತ್ರ ನನ್ನನ್ನು ಅಲ್ಲಿನ ವಕೀಲಮ್ಮನ ಬಳಿ ಎಳೆದುಕೊಂಡು ಹೋದಳು. ಆಯಮ್ಮ ಹಾಳೆ ನೋಡಿ, "ಯಜಮಾನ್ರೇ, ಬರೆದಿರೋದೇನೋ ಸರಿಯಾಗಿದೆ. ಆದ್ರೆ ನಾಳೆ ನಿಮ್ಮಣ್ಣನ ಮಕ್ಳು ತಕರಾರು ತೆಗೆದ್ರೆ, ನೀವು ಸೈನ್ ಹಾಕಿದ್ದನ್ನ ಕಂಡೆ ಅಂತ ಕೋರ್ಟಿಗೆ ಬಂದು ಹೇಳೋರು ಯಾರು? ಈ ಹೆಬ್ಬೆಟ್ಟು ಯಾರ್ದು ಅಂತ ಸ್ಮಶಾನಕ್ಕೆ ಹೋಗಿ ಕೇಳೋದಾ? ನಿಮಗಿಂತ ಚಿಕ್ಕವರ ಕೈಲಿ ಹೊಸದಾಗಿ ಹಾಕಿಸಿ" ಎಂದರು. ಅವತ್ತು ಮೊದಲ ಸಲ ಕೇಳಿದಷ್ಟು ಫೀಸು ಕೊಟ್ಟೆ. ಚೌಕಾಸಿ ಮಾಡಲಿಲ್ಲವೆಂದು ನೆನಪಾದದ್ದು ಬಸ್ಸು ಹತ್ತಿದ ಮೇಲೆ.

ಹೊಸ ಉಯಿಲು ಟೈಪಾಗಿ ಕೂತಿದೆ, ಸಾಕ್ಷಿಗಳಿಲ್ಲ. ನನ್ನ ಕಾಗದಕ್ಕೆ ಕೈ ಹಾಕಿದ ಇಬ್ಬರೂ ಹೋದರೆಂಬ ಸುದ್ದಿ ಮಾರುಕಟ್ಟೆಯಲ್ಲೆಲ್ಲ ಹಬ್ಬಿದೆ. ಮಂಡಿಯ ಹಮಾಲಿ ನಾಗೇಶ, "ಅಣ್ಣೋ, ಬೇಕಾರೆ ಇನ್ನತ್ತು ಮೂಟೆ ಓರ್ತೀನಿ. ಅದುಕ್ ಮಾತ್ರ ಸೈನ್ ಆಕಾಕಿಲ್ಲ. ನನ್ನೆಡ್ತಿ ಬುಡಾಕಿಲ್ಲ" ಎಂದು ಮೂಟೆಯ ಹಿಂದೆ ಸರಿದ. ಎದುರು ಟೈರಂಗಡಿಯ ಮಹೇಶನಂತೂ ಬೀದಿಗೆಲ್ಲ ಕೇಳುವಂತೆ ಕೂಗಿದ: "ನೀವು ಗುಂಡುಕಲ್ಲಂಗಿದ್ದೀರಿ, ಸೈನ್ ಆಕ್ದೋರು ಓಯ್ತಾವ್ರೆ. ನಮ್ಮ ಆಯಸ್ಸ ನಿಮ್ಮೆಸ್ರಿಗೆ ಬರುಸ್ಕೊತಾ ಇದ್ದೀರಿ ಕಣಣ್ಣ!"

ಪವಿತ್ರ ತನ್ನ ಜೊತೆಯ ನರ್ಸುಗಳನ್ನು ಕರೆತರುತ್ತೇನೆಂದಳು. ವಕೀಲಮ್ಮ ಬೇಡವೆಂದರು, ಆಸ್ತಿ ಪಡೆಯುವವಳೇ ಸಾಕ್ಷಿಗಳನ್ನು ತಂದಳು, ಒತ್ತಾಯದಿಂದ ಬರೆಸಿಕೊಂಡಳು ಎಂದು ಅಣ್ಣನ ಮಕ್ಕಳು ಕಥೆ ಕಟ್ಟುತ್ತಾರಂತೆ. ಕೊನೆಗೆ ಅವಳು, "ಬುಡು ಮಾವ, ನಂಗ್ಯಾವ ಮನೆನೂ ಬ್ಯಾಡ, ನೀನು ಸಾಯೋ ಮಾತು ನಿಲ್ಸಿದ್ರೆ ಸಾಕು" ಎಂದು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಬದುಕಿನಲ್ಲಿ ಏನೆಲ್ಲ ಕುದುರಿಸಿದೆ. ಎರಡು ಸಹಿ ಕುದುರುತ್ತಿಲ್ಲ.

ಆದ್ದರಿಂದ ಓದುಗರೇ, ನಿಮಗೆ ಇಪ್ಪತ್ತೈದಾಗಿರಲಿ, ಎಪ್ಪತ್ತಾಗಿರಲಿ, ಇವತ್ತೇ ಬರೆದಿಡಿ. ಬ್ಯಾಂಕಿನಲ್ಲಿ ನಾಮಿನಿ ಯಾರೆಂದು ನೋಡಿಕೊಳ್ಳಿ. ನನ್ನ ಖಾತೆಗೆ ಮೊನ್ನೆಯವರೆಗೂ ಎಂದೋ ತೀರಿಕೊಂಡ ನಮ್ಮವ್ವನೇ ನಾಮಿನಿ. ಆಸ್ಪತ್ರೆಯಲ್ಲಿ ನಿಮ್ಮ ಮಾತು ನಿಂತರೆ ನಿಮ್ಮ ಪರವಾಗಿ ಯಾರು ಮಾತಾಡಬೇಕೆಂಬುದನ್ನೂ ಬರೆದಿಡಿ. ಸಾಕ್ಷಿಯಲ್ಲಿ ಗೌರವ ನೋಡಬೇಡಿ, ಆರೋಗ್ಯ ನೋಡಿ. ನಾಲ್ಕು ಮೆಟ್ಟಿಲು ಹತ್ತಿಸಿ ನೋಡಿದರೂ ತಪ್ಪಿಲ್ಲ. ಇನ್ನು, ನಿಮ್ಮ ವಯಸ್ಸು ನಲವತ್ತರೊಳಗಿದ್ದರೆ, ಊಟಿಗೆ ಹೋಗುವಾಗ ಗುಂಡ್ಲುಪೇಟೆಯಲ್ಲಿ ಇಳಿಯಿರಿ, ಜೊತೆಗೊಬ್ಬರನ್ನು ಕರೆತನ್ನಿ. ಮಾರುಕಟ್ಟೆಯವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅಯ್ಯೋ, ಇಷ್ಟು ವರ್ಷ ವ್ಯಾಪಾರ ಮಾಡಿ, ಸರಕಿನ ಹುಳುಕನ್ನು ಗಿರಾಕಿಗೆ ನಾನೇ ಹೇಳಿಬಿಟ್ಟೆನಲ್ಲ.