ದೊರೆ ಕೂತ ಕುರ್ಚಿ

ಬೆಳಗಿನ ಗಾಡಿ ಹೊರಟ ಮೇಲೆ ಸ್ಟೇಷನ್ ಮಾಸ್ತರರು ಟಿಕೆಟ್ ಕೋಣೆಯೊಳಗೆ ತಲೆ ತೂರಿಸಿ, "ಏನ್ರೀ, ನಮ್ಮ ಸ್ಟೇಷನ್ನಿಗೆ ಇತಿಹಾಸ ಇದೆಯಾ?" ಎಂದು ಕೇಳಿದರು. ಪೊರಕೆ ಇದೆಯಾ ಎಂದು ಕೇಳುವ ಧಾಟಿ.

"ಯಾಕೆ ಸಾರ್?" ಎಂದ ಗುಮಾಸ್ತ.

"ಮಧ್ಯಾಹ್ನದ ಗಾಡಿಗೆ ದೊಡ್ಡ ಸಾಹೇಬರು ಬರ್ತಿದಾರೆ. ಈ ದಾರೀಲಿ ಲಾಭ ಇಲ್ಲದ ಸ್ಟೇಷನ್ನೆಲ್ಲ ಮುಚ್ತಾರಂತೆ. ಇತಿಹಾಸ ಇದ್ದರೆ ಮಾತ್ರ ಉಳಿಸ್ತಾರಂತೆ. ಅವರಿಗೆ ತೋರಿಸೋ ಕೆಲಸ ನಿಮ್ಮದು. ನಾನು ಹೇಗೂ ನಿವೃತ್ತಿ ಆಗೋನು."

ಗುಮಾಸ್ತನ ಎದೆಯಲ್ಲಿ ಸೀಟಿ ಊದಿದ ಹಾಗಾಯಿತು. ಸ್ಟೇಷನ್ ಮುಚ್ಚಿದರೆ ಅವನನ್ನು ಪಟ್ಟಣದ ದೊಡ್ಡ ಸ್ಟೇಷನ್ನಿಗೆ ಹಾಕಲೇಬೇಕು. ಪಟ್ಟಣದ ಆಸ್ಪತ್ರೆಯಲ್ಲಿ ಅವನ ಹೆಂಡತಿ ನರ್ಸು, ಮಗಳೂ ಅಲ್ಲೇ. ಮದುವೆಯಾದಂದಿನಿಂದ ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಅವನ ಕೂದಲು ಉದುರಿತ್ತು. ಮೊನ್ನೆ ಮಗಳು ಅವನನ್ನು ಬಾಗಿಲಲ್ಲಿ ನೋಡಿ, "ಅಮ್ಮಾ, ಯಾರೋ ಬಂದಿದಾರೆ" ಅಂದಿದ್ದಳು.

ಕೂಡಲೇ ಹೆಂಡತಿಗೆ ಫೋನು ಮಾಡಿದ.

"ನಿಮಗೆ ಇತಿಹಾಸ ಅಂದ್ರೆ ನಾಲಿಗೆ ತುರಿಸತ್ತೆ," ಎಂದಳು ಅವಳು. "ಇವತ್ತೊಂದು ದಿನ ಬಿಗಿ ಹಿಡ್ಕೊಳ್ಳಿ. ಏನೂ ಇಲ್ಲ ಅನ್ನಿ. ಅಷ್ಟೇ. ಎರಡು ಮಾತು."

ಇತಿಹಾಸ ಇರಲಿಲ್ಲವೆಂದಲ್ಲ. ಬಿಳಿಯರು ಈ ಹಳಿ ಹಾಕಿಸಿದ್ದು ಇಲ್ಲಿನವರು ಬೀಗರ ಮನೆಗೆ ಹೋಗಿಬರಲಿ ಎಂದಲ್ಲ. ಗುಡ್ಡದ ಮರವನ್ನೆಲ್ಲ ಬಂದರಿಗೆ ಸಾಗಿಸಲು. ಮಣ್ಣು ಹೊತ್ತವರು, ಬಂಡೆ ಒಡೆದವರು, ಜ್ವರ ಬಂದು ಸತ್ತವರು ಇಲ್ಲಿನವರು. ಸೇತುವೆಯ ಕಲ್ಲಿನ ಮೇಲಿನ ಹೆಸರು ಮಾತ್ರ ಯಾವನೋ ದೊರೆಯದು. ಆಮೇಲೆ ದೇಶಕ್ಕೆ ಸ್ವಾತಂತ್ರ್ಯ ಬಂತು, ರೈಲು ನಮ್ಮದಾಯಿತು. ಅಷ್ಟರಲ್ಲಿ ಮರ ಮುಗಿದಿತ್ತು.

ಇದನ್ನೆಲ್ಲ ಹೇಳದೆ ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದುಕೊಂಡ ಗುಮಾಸ್ತ. ಆದರೆ ರೈಲ್ವೆ ವಸತಿಯಲ್ಲಿ ಗುಟ್ಟು ಎಂಬುದು ಒಡಕು ಬಾಯ್ಲರಿನ ಹಬೆಯಂತೆ. ಅರ್ಧ ಗಂಟೆಯಲ್ಲಿ ಪಾಯಿಂಟ್ಸ್‌ಮನ್ನನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಹಳಿ ತಿರುಗಿಸುವುದು ಗಂಡನ ಕೆಲಸ, ಗಂಡನನ್ನು ತಿರುಗಿಸುವುದು ಇವಳ ಕೆಲಸ. ಹಾಗಾಗಿ ಎಲ್ಲರಿಗೂ ಅವಳು ಪಾಯಿಂಟ್ಸಕ್ಕ.

"ಸ್ಟೇಷನ್ ಮುಚ್ಚಿ ನಿಮ್ಮ ಹೊಟ್ಟೆ ಮೇಲೆ ಹೊಡೀತಾರಂತೆ? ನಾವು ಬದುಕಿರೋವಾಗ?" ಎಂದು ಒಂದು ಹಳೆಯ ಸಿಗ್ನಲ್ ದೀಪವನ್ನು ಮೇಜಿನ ಮೇಲೆ ಕುಕ್ಕಿದಳು. "ಬಿಳಿಯರ ಕಾಲದ್ದು. ಉಪ್ಪು ಹಾಕಿಡ್ತಿದ್ದೆ, ಸುರಿದು ತಂದೆ."

"ಅಯ್ಯೋ, ಯಾಕಕ್ಕ ಇದೆಲ್ಲ..."

"ಸುಮ್ನಿರಿ. ನೀವು ಸಂಕೋಚದ ಪ್ರಾಣಿ. ಬಟ್ಟೆ ಒಗೆಯೋ ಕಲ್ಲೂ ಬರ್ತಾ ಇದೆ. ಅದು ಮೊದಲ್ನೇ ಮೈಲಿಗಲ್ಲು."

ಕಲ್ಲನ್ನು ಪಾಯಿಂಟ್ಸ್‌ಮನ್ ಮಗುವಿನಂತೆ ಎತ್ತಿಕೊಂಡು ಬಂದ, ಇಳಿಸುವಾಗ ಗುಮಾಸ್ತನ ಕಾಲಿನ ಮೇಲೆ ಇಳಿಸಿದ. ತನಗೆ ಈ ಸ್ಟೇಷನ್ ಬೇಡ ಎಂದು ಗುಮಾಸ್ತ ಹೇಳುವುದಾದರೂ ಹೇಗೆ? ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟವಳು ಇದೇ ಅಕ್ಕ. ಅವರು ಅತ್ತ ಹೋದೊಡನೆ ಕುಂಟುತ್ತ ದೀಪವನ್ನೂ ಕಲ್ಲನ್ನೂ ಲಗೇಜ್ ಕೋಣೆಗೆ ನೂಕಿ ಬೀಗ ಹಾಕಿ, ಬೆವರು ಒರೆಸಿಕೊಂಡು ತಿರುಗಿದ. ಎದುರಿಗೆ ಉಗಿಯಜ್ಜ.

ಉಗಿ ಇಂಜಿನ್ ಓಡಿಸಿ ನಿವೃತ್ತನಾದ ಮುದುಕ. ಉಸಿರಾಟವೂ ಇಂಜಿನ್ನಿನದೇ. ತಲೆಯ ಮೇಲೊಂದು ಕುರ್ಚಿ.

"ಇದು ಯಾರು ಕೂತ ಕುರ್ಚಿ ಹೇಳು ನೋಡೋಣ!"

"ಗೊತ್ತಜ್ಜ. ದೊರೆ ಕೂತಿದ್ದು." ನೂರಾರು ಸಲ ಕೇಳಿದ್ದ ಕತೆ.

"ದಾರಿ ಅಳೆಯೋಕೆ ಬಂದ ದೊರೆ! ಹೊಳೆ ದಾಟೋವಾಗ ಬೂಟು ನೆನೀತದೆ ಅಂತ ಕೂತೇ ಇದ್ದ. ಹೊತ್ತೋರು ನಾಲ್ಕು ಜನ. ಅದರಲ್ಲಿ ನಮ್ಮಜ್ಜ ಒಬ್ಬ. ನೋಡು, ಬೊಂಬು ತೂರಿಸಿದ ತೂತು. ನಮ್ಮಜ್ಜ ಸಾಯೋ ತನಕ ಇದರ ಮೇಲೆ ಕೂರಲಿಲ್ಲ ಕಣೋ. ನಿಂತೇ ನೋಡ್ತಿದ್ದ." ಮುದುಕ ಕುರ್ಚಿಯ ಕೈಯನ್ನು ಎಮ್ಮೆಕರುವಿನ ಕುತ್ತಿಗೆಯಂತೆ ಸವರಿದ. "ಸಾಹೇಬರ ಮುಂದೆ ಇಡು. ನೀನು ಎಲ್ಲಿಗೂ ಹೋಗಬೇಕಾಗಲ್ಲ."

ಅಜ್ಜನನ್ನು ಉಪಾಯದಿಂದ ಆಚೆ ಸಾಗಹಾಕಿ, ಗುಮಾಸ್ತ ಕುರ್ಚಿಯನ್ನು ಲಗೇಜ್ ಕೋಣೆಗೆ ತುರುಕಲು ನೋಡಿದ. ಅಡ್ಡ ಹಿಡಿದರೆ ಕಾಲು ತಾಗಿತು, ಉದ್ದ ಹಿಡಿದರೆ ಬೆನ್ನು ತಾಗಿತು. ಬಾಣಂತನಕ್ಕೆ ಬಂದ ಮಗಳಂತೆ ಅದು ಹೊಸಿಲು ಬಿಟ್ಟು ಅಲುಗಲಿಲ್ಲ. ಅಷ್ಟರಲ್ಲಿ ಗಾಡಿ ಕೂಗಿತು. ಅವಸರಕ್ಕೆ ಕುರ್ಚಿಯನ್ನು ಟಿಕೆಟ್ ಕೋಣೆಗೆ ಎಳೆದು, ಮೇಲೆ ತನ್ನ ಹೊದಿಕೆ ಎಸೆದು ಹೊರಗೋಡಿದ.

ಗಾಡಿಯ ಬಾಲಕ್ಕೆ ಎಂದೂ ಇಲ್ಲದ ಒಂದು ಮುಚ್ಚಿದ ವ್ಯಾಗನ್ ಕಟ್ಟಿತ್ತು. ಗುಮಾಸ್ತ ಅದನ್ನು ಕಂಡರೂ ಗಮನಿಸಲಿಲ್ಲ. ಅವನ ಕಣ್ಣೆಲ್ಲ ಸಾಹೇಬರ ಮೇಲೆ. ಭಾರಿ ಆಳು, ಇಳಿದೊಡನೆ ಬೋಗಿ ಒಂದು ಗೇಣು ಮೇಲೆದ್ದಂತೆ ಕಂಡಿತು.

"ಇಲ್ಲಿ ಏನಾದರೂ ಇತಿಹಾಸ?" ಸಾಹೇಬರದು ಹಲ್ಲುನೋವಿನ ಮುಖ.

"ಏನೂ ಇಲ್ಲ ಸಾರ್."

"ಯಾವುದಾದರೂ ದೊರೆ ಬಂದಿದ್ದು?"

"ದೊರೆಗಳ ಗಾಡಿ ಇಲ್ಲಿ ನಿಲ್ತಾನೇ ಇರಲಿಲ್ಲ ಸಾರ್. ನಿಂತರೂ ಇಂಜಿನ್ನಿಗೆ ನೀರು ಕುಡಿಸೋಕೆ. ಅವರು ನಿದ್ದೇಲಿರ್ತಿದ್ರು."

ಸಾಹೇಬರ ಮುಖದಲ್ಲಿ ನೋವು ಸ್ವಲ್ಪ ಇಳಿದಂತಿತ್ತು. ಖುಷಿಯಾಗಿ ಟಿಕೆಟ್ ಕೋಣೆಯೊಳಗೆ ಬಂದು, ಹೊದಿಕೆ ಹಾಕಿದ್ದ ಆಸನವೇ ಮೆತ್ತಗಿರಬಹುದೆಂದು ಅದರ ಮೇಲೆ ಕೂತುಬಿಟ್ಟರು. ಗುಮಾಸ್ತ ಬಾಯಿ ತೆರೆಯುವ ಮೊದಲೇ ಕುರ್ಚಿ ತೆರೆಯಿತು. ಲಟಕ್! ಸಾಹೇಬರು ನೆಲದ ಮೇಲಿದ್ದರು.

ಕಿಟಕಿಯಾಚೆ ಹೊಂಚಿ ನಿಂತಿದ್ದ ಉಗಿಯಜ್ಜ ಕಿರುಚಿದ: "ಅಯ್ಯೋ! ದೊರೆ ಕೂತ ಕುರ್ಚಿ!"

"ಏನದು?" ಎಂದರು ಸಾಹೇಬರು ಕೆಳಗಿನಿಂದ.

ಗುಮಾಸ್ತನಿಗೆ ಹೊಳೆ ದಾಟಿ ಆಗಿದೆ, ದಡ ಹತ್ತುವುದೊಂದೇ ಬಾಕಿ ಅನ್ನಿಸಿತು. ಕಣ್ಣು ಮುಚ್ಚಿ ಹೇಳಿಬಿಟ್ಟ: "ಸುಳ್ಳು ಸಾರ್. ಯಾವ ದೊರೆಯೂ ಇಲ್ಲ. ಕುರ್ಚಿ ನಂದು. ಗುಜರಿ ಅಂಗಡೀಲಿ ತಂದಿದ್ದು."

ಅಜ್ಜ ಉಗಿ ಇಳಿಸಿದ ಇಂಜಿನ್ನಿನಂತೆ ನಿಂತ. ಗುಮಾಸ್ತನಿಗೆ ಅತ್ತ ನೋಡಲು ಮುಖವಿರಲಿಲ್ಲ. ಮಗಳ ಮುಖ ನೆನೆಸಿಕೊಂಡು ಗೋಡೆಯ ಗಡಿಯಾರ ನೋಡಿದ.

ಸಾಹೇಬರು ಎದ್ದು ಧೂಳು ಕೊಡವಿಕೊಂಡು ಅವನ ಕೈ ಹಿಡಿದರು. "ನೀವೊಬ್ಬರೇ ಕಣ್ರೀ ನಿಜ ಹೇಳಿದ್ದು! ಈ ದಾರಿಯ ಪ್ರತಿ ಸ್ಟೇಷನ್ನಿನಲ್ಲೂ ಒಂದು ಕುರ್ಚಿ, ಪ್ರತಿ ಕುರ್ಚಿಯಲ್ಲೂ ಅದೇ ದೊರೆ. ಅಷ್ಟು ಕಡೆ ಕೂತವನು ಹಳಿ ಹಾಕಿಸಿದ್ದು ಯಾವಾಗ?"

"ಹಾಗಾದರೆ ನಮ್ಮ ಸ್ಟೇಷನ್..." ಎಂದ ಗುಮಾಸ್ತ ಆಸೆಯಿಂದ.

"ಮುಚ್ಚೋದೇ? ಎಲ್ಲಾದರೂ ಉಂಟೇ! ಆ ಕುರ್ಚಿಗಳನ್ನೆಲ್ಲ ಇಡೋಕೆ ಸಂಗ್ರಹಾಲಯ ಮಾಡಬೇಕು. ನಮ್ಮಲ್ಲಿ ಮಾಡಿ, ನಮ್ಮದೇ ಅಸಲಿ ಅಂತ ಎಲ್ಲ ಸ್ಟೇಷನ್ನಿನವರೂ ಜಗಳ. ಸ್ವಂತ ಕುರ್ಚಿ ಇಲ್ಲದ ಒಂದು ಸ್ಟೇಷನ್ ಹುಡುಕಿ ಹುಡುಕಿ ಸೊಂಟ ಬಿದ್ದಿತ್ತು." ಸೊಂಟ ಸವರಿಕೊಂಡರು. "ಇವತ್ತು ಪೂರ್ತಿ ಬಿತ್ತು. ನೋಡಿಕೊಳ್ಳೋಕೆ ನಿಮ್ಮಂಥ ನೆಟ್ಟಗಿನ ಮನುಷ್ಯನೇ ಬೇಕು. ನಿಮ್ಮನ್ನ ಇಲ್ಲಿಂದ ಯಾರೂ ಕದಲಿಸದ ಹಾಗೆ ನಾನು ನೋಡ್ಕೋತೀನಿ. ವ್ಯಾಗನ್ ಬಿಚ್ಚಿಸಿ!"

ಸಂಜೆಯ ಹೊತ್ತಿಗೆ ಟಿಕೆಟ್ ಕೋಣೆ, ಪ್ರಯಾಣಿಕರ ಕೋಣೆ, ಪ್ಲಾಟ್‌ಫಾರ್ಮು ಎಲ್ಲ ಕುರ್ಚಿಮಯ. ಸಾಹೇಬರ ಅಪ್ಪಣೆಯಂತೆ ಗುಮಾಸ್ತ ಒಂದೊಂದಕ್ಕೂ ಒಂದು ಫಲಕ ಬರೆದು ತೂಗುಹಾಕಿದ. ಪಾಯಿಂಟ್ಸಕ್ಕ ಸಕ್ಕರೆ ಹಂಚಿದಳು.

ಉಗಿಯಜ್ಜ ಮುರಿದ ಕಾಲಿಗೆ ಹಗ್ಗ ಸುತ್ತಿದ ಕುರ್ಚಿಯನ್ನು ಹೊತ್ತು ತಂದ. ಗುಮಾಸ್ತ ತಲೆ ತಗ್ಗಿಸಿದ. "ಅಜ್ಜಾ, ನಾನು..."

"ಹೇಳ್ಬೇಡ, ಗೊತ್ತಾಯ್ತು." ಅಜ್ಜನ ಕಣ್ಣು ಒದ್ದೆ. "ನಮ್ಮಜ್ಜನ್ನ ನೀನು ಸುಳ್ಳು ಮಾಡಿದಾಗ ಕಪಾಳಕ್ಕೆ ಹೊಡೆಯೋಣ ಅನ್ನಿಸ್ತು. ಆಮೇಲೆ ತಿಳೀತು. ನಮ್ಮ ಸ್ಟೇಷನ್ ಉಳಿಸೋಕೆ ಎಂಥ ಸುಳ್ಳು ಹೇಳ್ದೆ ಮಗನೇ! ಇದನ್ನೂ ಇಟ್ಕೋ. ಅಸಲಿ ಯಾವುದು ಅಂತ ನಿನಗೊಬ್ಬನಿಗೆ ಗೊತ್ತಿದ್ದರೆ ಸಾಕು."

ಆಗ ಫೋನು ಬಂತು.

"ಏನೂ ಇಲ್ಲ ಅಂದ್ರಾ?" ಎಂದಳು ಹೆಂಡತಿ.

"ಅಂದೆ."

"ನಂಬಿದ್ರಾ?"

"ಪೂರ್ತಿ."

"ಸದ್ಯ! ನಿಧಾನಕ್ಕೆ ಕೂತ್ಕೊಂಡು ಎಲ್ಲ ಹೇಳಿ."

ಗುಮಾಸ್ತ ಸುತ್ತ ನೋಡಿದ. ಕಣ್ಣು ಹಾಯುವಷ್ಟು ದೂರ ಕುರ್ಚಿಗಳು. ಒಂದೊಂದರ ಮೇಲೂ ಅವನದೇ ದುಂಡು ಅಕ್ಷರ: 'ಕೂರಬಾರದು.'

ನಿಂತೇ ಹೇಳತೊಡಗಿದ.