ಹಳದಿ ಟೋಪಿಗಳ ಎಣಿಕೆ

ಮಕ್ಕಳನ್ನು ಶಿಸ್ತಾಗಿ ಹೊರಗೆ ಕರೆದುಕೊಂಡು ಹೋದ ದಿನವೇ ಶಿಸ್ತಿಲ್ಲದ ಸಂಗತಿಗಳು ಏಕೆ ನಡೆಯುತ್ತವೆಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಳೆದ ಡಿಸೆಂಬರಿನಲ್ಲಿ ಒಂದೇ ಶನಿವಾರ ಇಂಥವು ನಾಲ್ಕು ನಡೆದವು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಇಬ್ಬಿಬ್ಬರ ಸಾಲು, ತುಟಿಯ ಮೇಲೆ ಬೆರಳು, ಇಸ್ತ್ರಿ ಮಾಡಿದ ಕರವಸ್ತ್ರ, ಇವಿಷ್ಟಿದ್ದರೆ ಮಕ್ಕಳನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು ಎಂದು ನಂಬಿದವಳು. ಸೊಸೆಗೆ ಆ ನಂಬಿಕೆ ಇರಲಿಲ್ಲ. "ಅತ್ತೆ, ಮ್ಯೂಸಿಯಂಗೆ ಈ ಸಲ ನಾನು ಬರಲ್ಲ. ನೀವೇ ಮ್ಯಾನೇಜ್ ಮಾಡಿ ನೋಡೋಣ. ಎಲ್ರೂ ಸರಿಯಾಗಿ ವಾಪಸ್ ಬಂದ್ರೆ ಬೇಸಿಗೆ ರಜೇಲಿ ಒಂದು ತಿಂಗಳು ಮಕ್ಕಳು ನಿಮ್ಮನೇಲೇ ಇರ್ಲಿ" ಅಂದಳು. ಅವರಿರುವುದು ಯಲಹಂಕದಲ್ಲಿ, ನಾನಿರುವುದು ಆರ್.ಟಿ. ನಗರದಲ್ಲಿ. ಮೊಮ್ಮಕ್ಕಳನ್ನು ಭಾನುವಾರಕ್ಕೊಮ್ಮೆ ನೋಡುವ ನನಗೆ ಇದು ಸಣ್ಣ ಬಹುಮಾನವಲ್ಲ. ಷರತ್ತು ಒಂದೇ: ಅವಳ ತಾಯಿ, ಅಂದರೆ ಜಕ್ಕೂರಿನ ನನ್ನ ಬೀಗಿತ್ತಿ, ಜೊತೆಗಿರಬೇಕು.

ಸಾಲು

ಒಟ್ಟು ನಾಲ್ಕು ಮಕ್ಕಳು. ನನ್ನ ಮೊಮ್ಮಗಳಿಗೆ ಹತ್ತು ವರ್ಷ, ಮೊಮ್ಮಗನಿಗೆ ಆರು, ಬೀಗಿತ್ತಿಯ ಮಗನ ಅವಳಿ ಹೆಣ್ಣುಮಕ್ಕಳಿಗೆ ಎಂಟು. ನಾಲ್ವರಿಗೂ ಹಳದಿ ಟೋಪಿ ಹಾಕಿಸಿದ್ದೆ. ಜನರ ಗುಂಪಿನಲ್ಲಿ ಮುಖ ಹುಡುಕುವುದಕ್ಕಿಂತ ಟೋಪಿ ಎಣಿಸುವುದು ಬೇಗ ಆಗುತ್ತದೆ.

ಹೆಬ್ಬಾಳದ ಆಚೆಗಿನ ಮ್ಯೂಸಿಯಂ ಗೇಟಿನಲ್ಲಿ ಅವರನ್ನು ಇಬ್ಬಿಬ್ಬರಂತೆ ನಿಲ್ಲಿಸಿ, ಕೋಡುಬಳೆ ಡಬ್ಬ ಹಿಡಿದ ಬೀಗಿತ್ತಿಯನ್ನು ಕೊನೆಗೆ ನಿಲ್ಲಿಸಿ, ಟೋಪಿ ಎಣಿಸಿ ತಿರುಗಿದೆ. ಅವರ ಹಿಂದೆ ಹನ್ನೊಂದು ಜನ ಅಪರಿಚಿತರು ನಿಂತಿದ್ದರು. "ಕೌಂಟರ್ ಎಷ್ಟೊತ್ತಿಗೆ ತೆಗೀತಾರೆ ಮೇಡಂ?" ಎಂದು ಒಬ್ಬ ಹಿರಿಯರು ಕೇಳಿದರು. ಇದು ಟಿಕೆಟ್ ಸಾಲಲ್ಲ, ನಮ್ಮ ಕುಟುಂಬ, ಕೌಂಟರು ಆ ಕಡೆ ಇದೆ ಎಂದೆ. ಅವರು ಆ ಕಡೆ ನೋಡಿದರು. ಅಲ್ಲಿ ನೂಕುನುಗ್ಗಲು.

"ಪರವಾಗಿಲ್ಲ ಮೇಡಂ, ಇಲ್ಲೇ ಇರ್ತೀವಿ. ಈ ಲೈನ್ ಚೆನ್ನಾಗಿದೆ."

ಏಳನೆಯ ಪ್ರಶ್ನೆ

ಮಕ್ಕಳು ಸುಮ್ಮನೆ ನೋಡಿಕೊಂಡು ಬರಬಾರದೆಂದು ಹತ್ತು ಪ್ರಶ್ನೆಗಳ ಹಾಳೆ ಮಾಡಿಕೊಂಡು ಹೋಗಿದ್ದೆ. ಹುಲಿ, ಜಿಂಕೆ, ಕರಡಿಗಳನ್ನು ನಿಲ್ಲಿಸಿದ್ದ ಕೋಣೆಗೆ ಬಂದಾಗ ಏಳನೆಯ ಪ್ರಶ್ನೆ: "ಈ ಕೋಣೆಯಲ್ಲಿರುವ ಪ್ರಾಣಿಗಳನ್ನು ಹೆಸರಿಸಿ."

ಮೊಮ್ಮಗ ಬರೆದದ್ದು: ಹಲ್ಲಿ, ಇರುವೆ, ಸೊಳ್ಳೆ.

"ಹುಲಿ ಕಾಣಿಸಲಿಲ್ಲವೇನೋ?" ಎಂದೆ.

"ಒಳಗೆ ಹುಲ್ಲು ತುಂಬಿದಾರೆ ಅಂತ ನೀವೇ ಹೇಳಿದ್ರಲ್ಲ ಅಜ್ಜಿ. ಅದು ಈಗ ಹುಲ್ಲು."

ಸತ್ತವನ್ನೂ ಸೇರಿಸಿ ಎಂದು ಪ್ರಶ್ನೆಯಲ್ಲಿ ಇರಲಿಲ್ಲ. ಪ್ರಶ್ನೆ ನನ್ನದೇ. ಪೂರ್ತಿ ಅಂಕ ಕೊಟ್ಟೆ. ಅವನು ಹಾಳೆ ವಾಪಸು ತೆಗೆದುಕೊಂಡು, ನನ್ನ ಕಾಲಿನ ಕಡೆ ನೋಡಿ, ಪಟ್ಟಿಗೆ "ಜಿರಳೆ" ಎಂದು ಸೇರಿಸಿದ. ಆ ಉತ್ತರವನ್ನು ನಾನು ಬೆಂಚಿನ ಮೇಲೆ ನಿಂತು ತಿದ್ದಿದೆ.

ನಾಗಪ್ಪ

ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ಜಾಡಿ, ಅದರಲ್ಲಿ ದ್ರಾವಣದೊಳಗೆ ಹೆಡೆಯೆತ್ತಿದ ನಾಗರಹಾವು. ಬೀಗಿತ್ತಿ ಚಪ್ಪಲಿ ಬಿಟ್ಟು ಹತ್ತಿರ ಹೋದರು. ಅಲ್ಲಿದ್ದ ವಯಸ್ಸಾದ ಕಾವಲುಗಾರನನ್ನು ಕೇಳಿದರು:

"ಯಾವಾಗ ತೀರ್ಕಂಡಿದ್ದು?"

"ನಾನು ಕೆಲ್ಸಕ್ಕೆ ಸೇರೋಕೆ ಮುಂಚೇನೇ ಅಮ್ಮ."

"ಸಂಸ್ಕಾರ ಮಾಡ್ಸವ್ರಾ?"

ಅವನು ಜಾಡಿಯ ಕಡೆ ನೋಡಿದ.

"ನಾಗಪ್ಪ ಸತ್ರೆ ಆಲುತುಪ್ಪ ಬಿಟ್ಟು ಬೆಂಕಿಗಿಡ್ಬೇಕು ಕಣಪ್ಪ. ಇಂಗೆ ಉಪ್ಪಿನಕಾಯಿ ಆಕ್ದಂಗೆ ಮಡಗವ್ರಲ್ಲ!"

ಕಾವಲುಗಾರ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡಿ. ಬೆಳಿಗ್ಗೆ ಬಾಗಿಲು ತೆಗೆದ್ರೆ ಮೊದ್ಲು ಇದಕ್ಕೆ ಕೈ ಮುಗಿದೇ ಲೈಟ್ ಹಾಕೋದು ನಾನು."

ಇದು ವಿಜ್ಞಾನ, ಇಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ಇಬ್ಬರಿಗೂ ಐದು ನಿಮಿಷ ತಿಳಿಹೇಳಿದೆ. "ಇನ್ನು ಗೇಟು ತಲುಪುವ ತನಕ ದೊಡ್ಡವರೂ ಮಾತಾಡಬಾರದು" ಎಂದು ನಿಯಮವನ್ನೂ ಬಿಗಿಗೊಳಿಸಿದೆ. ಬೀಗಿತ್ತಿ ವಿಧೇಯರಾಗಿ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಎಲ್ಲರೂ ಮುಂದೆ ಹೋದ ಮೇಲೆ, ಕನ್ನಡಕ ಸರಿಮಾಡಿಕೊಳ್ಳುವವಳಂತೆ ಎರಡೂ ಕೈ ಎತ್ತಿ ಒಂದು ಕ್ಷಣ ಜೋಡಿಸಿದೆ.

ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಳು. "ಅಜ್ಜಿ, ಕನ್ನಡಕ ಬ್ಯಾಗಲ್ಲಿದೆ."

ಎಣಿಕೆ

ಪಕ್ಷಿಗಳ ಕೋಣೆಯಲ್ಲಿ ಮತ್ತಿಕೆರೆ ಕಡೆಯ ಒಂದು ಶಾಲೆಯ ಮಕ್ಕಳು ತುಂಬಿದ್ದರು. ಅವರಿಗೂ ಹಳದಿ ಟೋಪಿ. ನಾವು ಒಳಗೆ ಕಾಲಿಟ್ಟೆವು, ಕರೆಂಟು ಹೋಯಿತು. "ಮುಂದಿರುವವರ ಕೈ ಹಿಡಿದುಕೊಳ್ಳಿ!" ಎಂದು ನಾನು ಕೂಗಿದೆ. ಅವರ ಟೀಚರೂ ಅದೇ ಕ್ಷಣ ಅದನ್ನೇ ಕೂಗಿದರು. ಎರಡು ನಿಮಿಷಕ್ಕೆ ಬೆಳಕು ಬಂತು. ಎಣಿಸಿದೆ. ನಾಲ್ಕು ಟೋಪಿ. ಶಾಲೆಯ ಸಾಲು ಮುಂದೆ, ನಮ್ಮದು ಅದರ ಹಿಂದೆ, ಹೀಗೆ ಗೇಟಿನ ಕಡೆ ಹೊರಟೆವು.

ದಾರಿಯುದ್ದಕ್ಕೂ ಹಿಂದಿನಿಂದ "ಉಂ... ಉಂಉಂ" ಎಂಬ ಸದ್ದು. ಬೀಗಿತ್ತಿಯೇ. "ಸಾಲಿನಲ್ಲಿ ಶಬ್ದ ಬೇಡ" ಎಂದೆ. ಸುಮ್ಮನಾದರು. ಗೇಟಿನಲ್ಲಿ ಮತ್ತೊಮ್ಮೆ ಎಣಿಸಿ, ನಾಲ್ಕು, "ಈಗ ಮಾತಾಡಬಹುದು" ಎಂದೆ.

"ಈ ಮಗ ನಮ್ದಲ್ಲ ಕಣ್ರಮ್ಮ" ಅಂದರು ಬೀಗಿತ್ತಿ.

ಟೋಪಿ ಎತ್ತಿ ನೋಡಿದೆ. ಮುಂದಿನ ಎರಡು ಹಲ್ಲಿಲ್ಲದ, ನಾನೆಂದೂ ನೋಡಿರದ ಹುಡುಗ ಕೋಡುಬಳೆ ತಿನ್ನುತ್ತಿದ್ದ.

"ನೀನು ಯಾಕೆ ಹೇಳಲಿಲ್ಲ?" ಎಂದೆ.

"ಮಾತಾಡ್ಬಾರ್ದು ಅಂದ್ರಲ್ಲ ಮಿಸ್."

"ನಂಗೂ ಅದೇ ಅಂದಿದ್ರಿ" ಅಂದರು ಬೀಗಿತ್ತಿ. "ಗಾಬ್ರಿ ಬೀಳ್ಬೇಡಿ. ನಮ್ಮ ಉಡುಗ ಮುಂದ್ಲ ಸಾಲ್ನಾಗವ್ನೆ. ನನ್ ಕಣ್ಣು ಅವನ ಮ್ಯಾಲೇ ಐತೆ."

ಆ ಹುಡುಗನ ಕೈ ಹಿಡಿದು ಶಾಲೆಯ ವ್ಯಾನಿನ ಕಡೆ ಹೊರಟೆ. ಓಡಲಿಲ್ಲ, ಬೇಗ ನಡೆದೆ. ಆ ಟೀಚರು ವ್ಯಾನಿನ ಬಾಗಿಲಲ್ಲಿ ಎಣಿಸುತ್ತಿದ್ದರು. ಅವರಲ್ಲಿ ನನ್ನ ಮೊಮ್ಮಗನೊಬ್ಬ ಇದ್ದಾನೆ ಎಂದೆ.

"ಸಾಧ್ಯವೇ ಇಲ್ಲ. ನನ್ನ ಎಣಿಕೆ ಸರಿಯಿದೆ ಮೇಡಂ."

"ನನ್ನದೂ ಸರಿಯಿದೆ" ಎಂದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಒಂದು ಮಗುವನ್ನು ಕೊಟ್ಟು ಒಂದು ಮಗುವನ್ನು ತೆಗೆದುಕೊಂಡೆವು. ಮೊಮ್ಮಗನನ್ನು ಬಿಗಿಯಾಗಿ ಅಪ್ಪಿಕೊಂಡೆ. ಅವನು ಕಿವಿಯಲ್ಲಿ, "ಅಜ್ಜಿ, ಆ ಮಿಸ್ ಲೈನು ನಿಮ್ಮ ಲೈನಿಗಿಂತ ನೇರ ಇತ್ತು" ಅಂದ.

ಯಲಹಂಕದ ಮನೆಯ ಬಾಗಿಲಲ್ಲೇ ಸೊಸೆ ಕಾಯುತ್ತಿದ್ದಳು. "ಎಲ್ಲಾ ಸರಿಯಾಗಿ ಆಯ್ತಾ ಅತ್ತೆ?"

ನಾನು ಸುಳ್ಳು ಹೇಳುವುದಿಲ್ಲ. "ಎಣಿಕೆ ಒಮ್ಮೆಯೂ ತಪ್ಪಲಿಲ್ಲ" ಎಂದೆ.

ಅವಳು ತಾಯಿಯ ಕಡೆ ತಿರುಗಿದಳು. "ಹೌದೇನಮ್ಮ?"

ಬೀಗಿತ್ತಿ ನನ್ನ ಮುಖ ನೋಡಿದರು. ಡಬ್ಬ ಕೆಳಗಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡರು. ಅವಳಿಗಳೂ ಇಟ್ಟುಕೊಂಡವು. ಮೊಮ್ಮಗಳೂ ಇಟ್ಟುಕೊಂಡಳು. ಆ ಹೊತ್ತು ಅವರೆಲ್ಲರ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಳಲಾರೆ. ಮೊಮ್ಮಗನೂ ಬೆರಳಿಟ್ಟುಕೊಂಡ. ಆಮೇಲೆ ತೆಗೆದ.

"ಹೇಳ್ಬಾರ್ದು ಅಮ್ಮ, ನಾನು ಕಳ್ದೋಗಿದ್ದೆ ಅಂತ."

ನನ್ನ ಬೇಸಿಗೆ ರಜೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಡೆದದ್ದನ್ನು ಒಂದೂ ಬಿಡದೆ ಒಪ್ಪಿಸಿದೆ. ಹಲ್ಲಿಲ್ಲದ ಹುಡುಗನ ತನಕ ಬರುವಷ್ಟರಲ್ಲಿ ಸೊಸೆ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

"ಬೇಸಿಗೆಗೆ ಕಳಿಸ್ತೀನಿ ಅತ್ತೆ," ಅಂದಳು ಕಣ್ಣೊರೆಸಿಕೊಂಡು. "ಆದ್ರೆ ಅಮ್ಮನೂ ಬರ್ಲಿ. ನೀವು ಟೋಪಿ ಎಣಿಸಿ, ಅವರು ಮುಖ ಎಣಿಸ್ಲಿ."